ವಿಆರ್‌ಗೆ ನಮ್ಮ ಕಡೆ ಗಿರಾಕಿ ಯಾರು?

ಬಳ್ಳಾರಿ, ರಾಯಚೂರು ಕಡೆಯ ಇಂಜಿನಿಯರಿಂಗ್ ಹುಡುಗರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದು: "ಸರ್, ವಿಆರ್ ಕಲಿತರೆ ಬೆಂಗಳೂರಿಗೇ ಹೋಗಬೇಕಾ?" ಬೇಕಿಲ್ಲ. ಗೇಮ್ ಮಾಡುವ ಆಸೆಯಿದ್ದರೆ ಮಾತು ಬೇರೆ. ವಿಆರ್ ಅಂದರೆ ವರ್ಚುವಲ್ ರಿಯಾಲಿಟಿ, ಕಣ್ಣಿಗೆ ಹೆಡ್‌ಸೆಟ್ ಹಾಕಿಕೊಂಡರೆ ಸುತ್ತಲೂ ಕಂಪ್ಯೂಟರ್ ಕಟ್ಟಿದ ಲೋಕವೇ ಕಾಣುವ ತಂತ್ರ. ತಪ್ಪಾದರೆ ಜೀವಕ್ಕೇ ಕುತ್ತು ಬರುವ ಕೆಲಸ ಎಲ್ಲಿದೆಯೋ ವಿಆರ್‌ಗೆ ಅಲ್ಲೇ ಗಟ್ಟಿ ಗಿರಾಕಿ, ಮತ್ತು ಅಂಥ ಕೆಲಸ ನಮ್ಮ ಸುತ್ತಲೇ ಇದೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಸಂಡೂರಿನ ಅದಿರು ಗಣಿಗಳು, ಹಟ್ಟಿ ಚಿನ್ನದ ಗಣಿ, ಶಕ್ತಿನಗರದ 1,720 ಮೆಗಾವಾಟ್ ವಿದ್ಯುತ್ ಸ್ಥಾವರ. ಎಲ್ಲಾ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರ ಅಷ್ಟೇ.

ನಾನು ಕಾರ್ಖಾನೆಗಳಿಗೆ ಸುರಕ್ಷತಾ ತರಬೇತಿಯ ವಿಆರ್ ಮಾಡಿಕೊಡುತ್ತೇನೆ. ಒಂದು ಕೆಲಸ ಬಿಡಿಸಿ ಹೇಳುತ್ತೇನೆ, ಕೇಳಿ. ಅದಿರು ಸಾಗಿಸುವ ಕನ್ವೇಯರ್ ಬೆಲ್ಟಿನ ಟೇಲ್ ಪುಲ್ಲಿ (ಬೆಲ್ಟಿನ ಹಿಂತುದಿಯಲ್ಲಿ ತಿರುಗುವ ಉರುಳೆ) ಹತ್ತಿರ ಅದಿರು ಸಿಕ್ಕಿಕೊಳ್ಳುತ್ತದೆ. ಓಡುತ್ತಿರುವಾಗಲೇ ಸಲಿಕೆಯಿಂದ ತಳ್ಳಿಬಿಡೋಣ ಅನ್ನಿಸುತ್ತದೆ, ಯಾಕೆಂದರೆ ಶಟ್‌ಡೌನ್ ಪರ್ಮಿಟ್ ತೆಗೆದುಕೊಂಡು, ಕರೆಂಟ್ ತೆಗೆಸಿ, ಬ್ರೇಕರ್‌ಗೆ ಬೀಗ ಹಾಕಿ, ಕೆಲಸ ನಡೆಯುತ್ತಿದೆ ಅನ್ನುವ ಟ್ಯಾಗ್ ಕಟ್ಟಿ, ಆಮೇಲೂ ಒಮ್ಮೆ ಸ್ಟಾರ್ಟ್ ಬಟನ್ ಒತ್ತಿ ಬೆಲ್ಟ್ ಅಲ್ಲಾಡುತ್ತಿಲ್ಲ ಅಂತ ಖಾತ್ರಿ ಮಾಡಿಕೊಳ್ಳುವಷ್ಟರಲ್ಲಿ ಹೊತ್ತು ಹೋಗುತ್ತದೆ. ಸಲಿಕೆ ಪುಲ್ಲಿಗೆ ಸಿಕ್ಕರೆ ಕೈಯನ್ನೂ ಎಳೆದುಕೊಳ್ಳುತ್ತದೆ. ಬಿಡೋಕೆ ಸಮಯವೇ ಇರುವುದಿಲ್ಲ. ಇದನ್ನು ನಿಜವಾದ ಬೆಲ್ಟಿನ ಮೇಲೆ ಕಲಿಸೋಕಾಗುತ್ತಾ? ವಿಆರ್‌ನಲ್ಲಿ ಆಗುತ್ತದೆ. ಬೀಗ ಹಾಕದೆ ಸಲಿಕೆ ಚಾಚಿದ ಕೂಡಲೇ ಕೈಯಲ್ಲಿ ಹಿಡಿದ ಕಂಟ್ರೋಲರ್ ನಡುಗುತ್ತದೆ, ದೃಶ್ಯ ನಿಲ್ಲುತ್ತದೆ, ಯಾವ ಹೆಜ್ಜೆ ಬಿಟ್ಟುಹೋಯಿತು ಅಂತ ಹಿಂದಕ್ಕೆ ಓಡಿಸಿ ತೋರಿಸಬಹುದು. ರಕ್ತ ಮಾತ್ರ ತೋರಿಸಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಹೆದರಿದವನಿಗೆ ಭಯ ನೆನಪಿರುತ್ತದೆ, ಕ್ರಮ ನೆನಪಿರುವುದಿಲ್ಲ.

ಕೆಲಸದ ಜಾಗದಲ್ಲಿ ಇದು ಹೊಸದೇನಲ್ಲ. ವಿಮಾನದ ವೈರಿಂಗ್ ಜೋಡಿಸುವವರ ಕಣ್ಣೆದುರಿಗೇ ನಕ್ಷೆ ಮೂಡಿಸಬೇಕು ಅಂತ ಬೋಯಿಂಗ್ 1990ರ ದಶಕದ ಆರಂಭದಲ್ಲೇ ವಿಆರ್‌ನ ಸೋದರ ಎಆರ್ ಹಿಂದೆ ಬಿದ್ದಿತ್ತು. ಎಆರ್ ಅಂದರೆ ಆಗ್ಮೆಂಟೆಡ್ ರಿಯಾಲಿಟಿ, ಕಣ್ಣೆದುರಿನ ನಿಜವಾದ ನೋಟದ ಮೇಲೇ ಕಂಪ್ಯೂಟರ್ ಚಿತ್ರ ಮೂಡಿಸುವುದು. 2018ರಲ್ಲಿ ವಾಲ್‌ಮಾರ್ಟ್ ತನ್ನ ನೌಕರರ ತರಬೇತಿಗೆಂದು ಸುಮಾರು 17,000 ವಿಆರ್ ಹೆಡ್‌ಸೆಟ್ ತರಿಸುವುದಾಗಿ ಹೇಳಿತು. ನಮ್ಮಲ್ಲೂ ಗಣಿ ಕೆಲಸಕ್ಕೆ ಸೇರುವವರಿಗೆ ಮೊದಲು ತರಬೇತಿ ಕೊಡಲೇಬೇಕು ಅನ್ನುವ ನಿಯಮ 1966ರಲ್ಲೇ ಬಂದಿದೆ. ಅಂದರೆ ತರಬೇತಿಯ ಖರ್ಚು ಹೇಗೂ ಇದ್ದೇ ಇದೆ, ಅದರಲ್ಲಿ ನಮ್ಮ ಪಾಲು ಕೇಳಬೇಕು ಅಷ್ಟೇ.

ಹೊರಗಿನವರು ಎಡವುವುದು ಭಾಷೆಯಲ್ಲಿ. ವಿಆರ್ ಪಾಠ ಇಂಗ್ಲಿಷ್‌ನಲ್ಲಿ ಮಾತಾಡುತ್ತದೆ, ಕೇಳುವವನು ಕೂಡ್ಲಿಗಿಯವನೋ ಒಡಿಶಾದವನೋ ಆಗಿರುತ್ತಾನೆ. ಕನ್ನಡ, ತೆಲುಗು, ಹಿಂದಿ ಮೂರರಲ್ಲೂ ಧ್ವನಿ ಕೊಡಿ. ಓದುವ ಅಕ್ಷರ ಕಡಿಮೆ ಮಾಡಿ, ಫೋರ್‌ಮನ್ ಬಳಸುವ ಮಾತನ್ನೇ ಬಳಸಿ. ಬಳ್ಳಾರಿ ಬಿಸಿಲು 40 ಡಿಗ್ರಿ ದಾಟಿದಾಗ ಶೆಡ್ಡಿನಲ್ಲಿ ಹೆಡ್‌ಸೆಟ್ ಹಾಕಿಸಬೇಡಿ, ಬೆವರಿಗೆ ಲೆನ್ಸ್ ಮಂಜಾಗುತ್ತದೆ, ಯಂತ್ರವೂ ಬಿಸಿಯಾಗಿ ನಿಲ್ಲುತ್ತದೆ. ಎಸಿ ಕೋಣೆ ಬೇಕು. ಕೆಂಪು ಧೂಳನ್ನು ಅಂಗಿಯ ತುದಿಯಿಂದ ಒರೆಸಿದರೆ ಲೆನ್ಸ್ ಗೀಚಿ ಹೋಯಿತು ಅಂತಲೇ ಲೆಕ್ಕ.

ಎಆರ್ ಕಥೆ ಬೇರೆ. ಅದಕ್ಕೆ ಫೋನ್ ಸಾಕು. ಕೊಪ್ಪಳ ಹತ್ತಿರದ ಕಿನ್ನಾಳದ ಮರದ ಗೊಂಬೆಯನ್ನು ಪುಣೆಯ ಗಿರಾಕಿ ತನ್ನ ಮನೆಯ ಶೋಕೇಸ್‌ನಲ್ಲಿ ಫೋನಿನಲ್ಲೇ ಇಟ್ಟು ನೋಡಬಹುದು, ಎತ್ತರ ಎಷ್ಟು ಅಂತ ತಕ್ಷಣ ಗೊತ್ತಾಗುತ್ತದೆ. ಬಳ್ಳಾರಿ ಜೀನ್ಸ್‌ಗೆ ಮಾತ್ರ ನಾನು ಬೇಡ ಅನ್ನುತ್ತೇನೆ. ಬಣ್ಣ ಕಾಣುತ್ತದೆ ನಿಜ, ಆದರೆ ಸೊಂಟಕ್ಕೆ ಹೇಗೆ ಕೂರುತ್ತದೆ ಅನ್ನುವುದು ಕಾಣುವುದಿಲ್ಲ, ಜೀನ್ಸ್ ಕೊಳ್ಳುವುದೇ ಫಿಟ್ಟಿಂಗ್ ನೋಡಿ ಅಲ್ವಾ? ಹಂಪಿಯಲ್ಲಿ ದೊಡ್ಡ ಅವಕಾಶವಿದೆ. ರಾಜಾಂಗಣದಲ್ಲಿ ಅರಮನೆಗಳ ಕಲ್ಲಿನ ತಳಪಾಯ ಉಳಿದಿದೆ, ಮೇಲಿನ ಮರದ ಕಟ್ಟಡ ಹೋಗಿದೆ. ಸುಮ್ನೆ ಜಗಲಿ ನೋಡಿ ಹೋಗುವವರಿಗೆ ಫೋನ್ ಎತ್ತಿದರೆ ಕಂಬ, ಚಾವಣಿ ಕಾಣುವಂತಿರಬೇಕು. ಆದರೆ ಪುರಾತತ್ವದವರನ್ನು ಕೂರಿಸಿಕೊಂಡೇ ಮಾಡಬೇಕು, ಇಲ್ಲದಿದ್ದರೆ ಸಿನಿಮಾ ಸೆಟ್ಟನ್ನು ಇತಿಹಾಸ ಅಂತ ನಂಬಿಸಿದಂತಾಗುತ್ತದೆ. ವೈದ್ಯಕೀಯ ಕಾಲೇಜುಗಳಲ್ಲಿ ಅಂಗರಚನೆ ಕಲಿಸಲು ವಿಆರ್ ಚೆನ್ನ. ಸೂಜಿ ಚುಚ್ಚುವ ಕೈಹದ ಅದರಿಂದ ಬರುವುದಿಲ್ಲ.

ಯಾವುದೇ ಒಂದು ಕಂಪನಿಯ ಹೆಡ್‌ಸೆಟ್ಟಿಗೆ ಕಟ್ಟುಬೀಳಬೇಡಿ. ಕಾರ್ಖಾನೆಗಳಿಗೆಂದೇ ಬಂದ ಎಆರ್ ಹೆಡ್‌ಸೆಟ್ ಹೋಲೋಲೆನ್ಸ್ 2ರ ತಯಾರಿಕೆಯನ್ನು ಮೈಕ್ರೋಸಾಫ್ಟ್ 2024ರಲ್ಲಿ ನಿಲ್ಲಿಸಿತು. ಅದೇ ವರ್ಷ ಆಪಲ್‌ನ ಹೆಡ್‌ಸೆಟ್ ವಿಷನ್ ಪ್ರೊ ಬಂದಾಗ ಬೆಲೆ 3,499 ಡಾಲರ್ ಇತ್ತು, ನಮ್ಮ ಗುತ್ತಿಗೆದಾರರು ಅದನ್ನು ಕೊಳ್ಳುವುದಿಲ್ಲ. ಬೇರೆ ಬೇರೆ ಕಂಪನಿಗಳ ಹೆಡ್‌ಸೆಟ್ಟಿಗೂ ಹೊಂದುವ ಓಪನ್‌ಎಕ್ಸ್‌ಆರ್ ಅನ್ನುವ ಮುಕ್ತ ಮಾನದಂಡದಲ್ಲಿ ಕಟ್ಟಿದರೆ ಬೇರೆ ಹೆಡ್‌ಸೆಟ್ಟಿಗೆ ಸಾಗಿಸುವುದು ಸುಲಭ.

ಮಾರಲು ಹೋದಾಗ ಹೆಡ್‌ಸೆಟ್ ಮೊದಲೇ ಹೊರಗೆ ತೆಗೆಯಬೇಡಿ. ಸೇಫ್ಟಿ ಆಫೀಸರ್ ಎದುರು ಕೂತು ನಿಯರ್‌ಮಿಸ್ ರಿಜಿಸ್ಟರ್ ತೋರಿಸಿ ಅಂತ ಕೇಳಿ. ಸ್ವಲ್ಪದರಲ್ಲಿ ತಪ್ಪಿದ ಅವಘಡಗಳೆಲ್ಲ ಅದರಲ್ಲಿ ಬರೆದಿರುತ್ತವೆ. ಮತ್ತೆ ಮತ್ತೆ ಬರುವ ಒಂದನ್ನು ಆರಿಸಿ, ಅದರ ಮೇಲೆ ಐದು ನಿಮಿಷದ ಡೆಮೊ ಮಾಡಿ. ಅದನ್ನು ಮ್ಯಾನೇಜರ್‌ಗಿಂತ ಮೊದಲು ಆ ಜಾಗದಲ್ಲಿ ದಿನಾ ಕೆಲಸ ಮಾಡುವ ಹೆಲ್ಪರ್‌ಗೆ ಹಾಕಿಸಿ, ಅವನು "ಇಲ್ಲಿ ಹೀಗಿರೋದಿಲ್ಲ ಸಾರ್" ಅಂದದ್ದನ್ನೆಲ್ಲ ತಿದ್ದಿಕೊಂಡು ಆಮೇಲೆ ಕೊಟೇಶನ್ ಕೊಡಿ.