ಮುತ್ತಜ್ಜಿಯ ಪಿಂಚಣಿ ಕಾಗದದಲ್ಲಿ ಮೂಲ ಊರು ಸಿಕ್ಕೀತೇ?

ಓದುಗರ ಪ್ರಶ್ನೆ: ನಮ್ಮ ಮುತ್ತಜ್ಜ ಎರಡನೇ ಮಹಾಯುದ್ಧದ ಕಾಲದಲ್ಲಿ ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದರಂತೆ. ಮುತ್ತಜ್ಜಿ ಬದುಕಿರುವವರೆಗೂ ಖಜಾನೆಗೆ ಹೋಗಿ ಪಿಂಚಣಿ ತರುತ್ತಿದ್ದರು. ಅವರ ಮೂಲ ಊರು ಯಾವುದು, ದಾಯಾದಿಗಳು ಯಾರು ಎಂದು ಹೇಳುವವರು ಈಗ ಯಾರೂ ಉಳಿದಿಲ್ಲ. ಪಿಂಚಣಿ ದಾಖಲೆಯಿಂದ ಇದನ್ನು ತಿಳಿಯಬಹುದೇ?

ಉತ್ತರ: ತಿಳಿಯಬಹುದು. ಆದರೆ ಮುತ್ತಜ್ಜನ ಹೆಸರು ಹಿಡಿದು ಹೊರಡಬೇಡಿ, ಮುತ್ತಜ್ಜಿಯ ಪೆಟ್ಟಿಗೆಯಿಂದ ಶುರುಮಾಡಿ. ಸೇನೆಯಲ್ಲಿ ಒಂದೇ ಹೆಸರಿನವರು ಎಷ್ಟೋ ಮಂದಿ. ಒಬ್ಬರಿಂದ ಇನ್ನೊಬ್ಬರನ್ನು ಬೇರೆ ಮಾಡಿ ತೋರಿಸುವುದು ಸೈನಿಕ ಸಂಖ್ಯೆ. ಆ ಸಂಖ್ಯೆಯನ್ನು ಜೋಪಾನ ಮಾಡಿದ್ದವರು ತಿಂಗಳು ತಿಂಗಳು ಹಣ ಎಣಿಸಿಕೊಂಡು ಬಂದವರು. ಪೆಟ್ಟಿಗೆಯಲ್ಲಿ ಪಿಂಚಣಿ ಪಾವತಿ ಆದೇಶ, ಅಂದರೆ ಎಲ್ಲರೂ ಪಿಪಿಒ ಎನ್ನುವ ಕಾಗದ ಇದೆಯೇ ನೋಡಿ. ಸೇನೆಯಿಂದ ಬಿಡುಗಡೆಯಾದಾಗ ಕೊಡುತ್ತಿದ್ದ ಡಿಸ್ಚಾರ್ಜ್ ಪುಸ್ತಕ ಸಿಕ್ಕರೆ ಇನ್ನೂ ಒಳ್ಳೆಯದು. ಎರಡೂ ಇಲ್ಲದಿದ್ದರೆ ಪದಕಗಳನ್ನು ಬೆಳಕಿಗೆ ಹಿಡಿಯಿರಿ. ಆ ಕಾಲದ ಭಾರತೀಯ ಸೈನಿಕರ ಪದಕಗಳ ಅಂಚಿನಲ್ಲೋ ಹಿಂಬದಿಯಲ್ಲೋ ಸಂಖ್ಯೆ, ಹೆಸರು, ದಳದ ಹೆಸರು ಕೆತ್ತಿರುತ್ತಿದ್ದರು.

ಸಂಖ್ಯೆ ಸಿಕ್ಕಿತೆಂದರೆ ಮುಂದಿನ ಬಾಗಿಲು ದಳದ ರೆಕಾರ್ಡ್ಸ್ ಆಫೀಸು. ಮದ್ರಾಸ್ ಸ್ಯಾಪರ್ಸ್ ಈಗ ಮದ್ರಾಸ್ ಎಂಜಿನಿಯರ್ ಗ್ರೂಪ್ ಆಗಿದೆ, ಅದರ ದಾಖಲೆ ಕಚೇರಿ ಬೆಂಗಳೂರಿನಲ್ಲೇ ಇದೆ. ಮರಾಠಾ ಲೈಟ್ ಇನ್‌ಫೆಂಟ್ರಿ ಆಗಿದ್ದರೆ ಬೆಳಗಾವಿಗೆ, ಮದ್ರಾಸ್ ರೆಜಿಮೆಂಟ್ ಆಗಿದ್ದರೆ ನೀಲಗಿರಿಯ ವೆಲ್ಲಿಂಗ್ಟನ್‌ಗೆ ಬರೆಯಬೇಕಿತ್ತು. ಪಿಂಚಣಿ ಮಂಜೂರು ಮಾಡುವ ಲೆಕ್ಕದ ಕಚೇರಿ ಪ್ರಯಾಗರಾಜ್‌ನಲ್ಲಿದೆ. ಆದರೆ ಅಲ್ಲಿ ಮುಖ್ಯವಾಗಿ ನೋಡುವುದು ಹಣದ ವಿಷಯ. ಮನೆತನದ ವಿಷಯಕ್ಕೆ ದಳದ ಕಚೇರಿಯೇ ಗತಿ. ಸೇರುವಾಗ ಬರೆಸಿಕೊಂಡ ಶೀಟ್ ರೋಲ್‌ನಲ್ಲಿ ತಂದೆಯ ಹೆಸರು, ಹಳ್ಳಿ, ತಾಲ್ಲೂಕು, ಹೆಂಡತಿ ಮಕ್ಕಳ ಹೆಸರು ಇರುತ್ತವೆ. ಕಿಂಡ್ರೆಡ್ ರೋಲ್ ಎಂಬ ಇನ್ನೊಂದು ಹಾಳೆಯಲ್ಲಿ ತಾಯಿ ತಂದೆ, ಅಣ್ಣತಮ್ಮ, ಅಕ್ಕತಂಗಿಯರ ಪಟ್ಟಿ. ನಿಮ್ಮ ದಾಯಾದಿಗಳು ಸಿಗುವುದಾದರೆ ಈ ಹಾಳೆಯಲ್ಲೇ.

ಈಗ ಮುತ್ತಜ್ಜಿಯ ಪಿಂಚಣಿಗೆ ಬರೋಣ. ಅದು ಯಾವ ಬಗೆಯದು ಎಂಬುದರಲ್ಲೇ ಒಂದು ಕಥೆ ಅಡಗಿದೆ. ಸಾಮಾನ್ಯ ಕುಟುಂಬ ಪಿಂಚಣಿ ಯೋಜನೆ ಬಂದದ್ದು 1964ರಲ್ಲಿ. ಅದಕ್ಕೂ ಮೊದಲೇ ಅವರು ಹಣ ತರುತ್ತಿದ್ದರು ಎಂದಾದರೆ, ಗಂಡ ಸೇವೆಯಲ್ಲಿದ್ದಾಗಲೋ ಸೇವೆಯ ಕಾರಣದಿಂದಲೋ ತೀರಿಕೊಂಡಿರುವ ಸಾಧ್ಯತೆಯೇ ಹೆಚ್ಚು. ಇಂಥವರಿಗೆ ಸಿಗುತ್ತಿದ್ದುದು ವಿಶೇಷ ಕುಟುಂಬ ಪಿಂಚಣಿ. ಅದರ ಕಡತ ನನ್ನ ಮಟ್ಟಿಗೆ ಇಡೀ ಹುಡುಕಾಟದಲ್ಲಿ ಅತಿ ಬೆಲೆಯುಳ್ಳದ್ದು. ಯಾಕೆಂದರೆ ಆ ಹಣ ಹೆಂಡತಿಗೇ ಹೋಗಬೇಕೆಂದಿರಲಿಲ್ಲ. ಸೈನಿಕ ತನ್ನ ತಾಯಿಯನ್ನೋ ತಂದೆಯನ್ನೋ ವಾರಸುದಾರರಾಗಿ ಬರೆಸಬಹುದಿತ್ತು. ಪಡೆಯುತ್ತಿದ್ದವರು ತೀರಿಕೊಂಡರೆ ಮುಂದಿನ ವಾರಸುದಾರರಿಗೆ ಹೋಗುತ್ತಿತ್ತು. ಅತ್ತೆ ಸೊಸೆ ಬೇರೆಯಾದರೆ ಪಾಲು ಮಾಡಿಕೊಡಲೂ ಅವಕಾಶವಿತ್ತು. ಹಾಗೆ ಪಾಲು ಕೇಳಿದಾಗ ಕಂದಾಯದ ಅಧಿಕಾರಿಗಳು ಊರಿಗೆ ಬಂದು ವಿಚಾರಣೆ ಮಾಡಿ, ಯಾರು ಯಾರ ಮಗ, ಯಾರು ಯಾರ ಜೊತೆ ಇದ್ದಾರೆ ಎಂದು ಬರೆದು ಕಳಿಸುತ್ತಿದ್ದರು. ಆ ವರದಿಯೇ ಒಂದು ವಂಶವೃಕ್ಷ.

ಇನ್ನೊಂದು ನಿಯಮವನ್ನೂ ಮನಸ್ಸಿನಲ್ಲಿಡಿ. ಮರುಮದುವೆಯಾದರೆ ವಿಧವೆಯ ಪಿಂಚಣಿ ನಿಲ್ಲುತ್ತಿತ್ತು. ಆದರೆ ತೀರಿಕೊಂಡ ಗಂಡನ ಸ್ವಂತ ಅಣ್ಣನನ್ನೋ ತಮ್ಮನನ್ನೋ ಮದುವೆಯಾಗಿ ಅದೇ ಕುಟುಂಬದೊಂದಿಗೆ ಬಾಳಿದರೆ ನಿಲ್ಲುತ್ತಿರಲಿಲ್ಲ. ಮನೆಯಲ್ಲಿ ಹೇಳುವ ತಾತನ ಹೆಸರು ಒಂದು, ಪಿಂಚಣಿ ಕಾಗದದ ಹೆಸರು ಇನ್ನೊಂದು ಎಂದು ಗಾಬರಿಯಾಗುವ ಮೊದಲು ಇದನ್ನು ನೆನಪಿಸಿಕೊಳ್ಳಿ. ಆ ಇಬ್ಬರೂ ಅಣ್ಣತಮ್ಮಂದಿರಾಗಿರಬಹುದು. ಆ ಹೆಣ್ಣುಮಗಳು ಎಷ್ಟನ್ನು ನುಂಗಿಕೊಂಡು ಮಕ್ಕಳನ್ನು ಸಾಕಿದಳು ಎಂಬುದು ಯಾವ ಕಡತದಲ್ಲೂ ಇರುವುದಿಲ್ಲ.

ಕಾಗದದಲ್ಲಿ ಊರಿನ ಹೆಸರು ಸಿಕ್ಕಾಗ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ. ಕನ್ನಡ ಬಾರದ ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದಿರುತ್ತಾರೆ. ನಿಂಗಯ್ಯ ಲಿಂಗಯ್ಯ ಆಗಿರಬಹುದು. ಹಳೇ ಮೈಸೂರಿನಲ್ಲಿ ಹೊಸಹಳ್ಳಿ ಇಲ್ಲದ ತಾಲ್ಲೂಕು ಹುಡುಕುವುದೇ ಕಷ್ಟ. ಆಗ ಕೈಹಿಡಿಯುವುದು ಅಂಚೆ ಕಚೇರಿ ಮತ್ತು ಹತ್ತಿರದ ರೈಲು ನಿಲ್ದಾಣದ ಹೆಸರು. ಅವನ್ನೂ ಬರೆಸಿಕೊಳ್ಳುತ್ತಿದ್ದರು. ಕ್ಲೋಸ್‌ಪೇಟೆ ಎಂದಿದ್ದರೆ ಅದು ಇಂದಿನ ರಾಮನಗರ, ಫ್ರೆಂಚ್ ರಾಕ್ಸ್ ಎಂದರೆ ಪಾಂಡವಪುರ, ಬೌರಿಂಗ್‌ಪೇಟೆ ಎಂದರೆ ಬಂಗಾರಪೇಟೆ. ಹುಟ್ಟಿದ ದಿನ ಜುಲೈ 1 ಎಂದಿದ್ದರೆ ನಂಬಬೇಡಿ. ವರ್ಷ ಮಾತ್ರ ಗೊತ್ತಿದ್ದವರಿಗೆ ಆ ದಿನವನ್ನೇ ಹಾಕುವುದು ಸರ್ಕಾರಿ ಪದ್ಧತಿ.

ನಿಮ್ಮ ಮನೆಯಂತೆ ಪಿಂಚಣಿ ಬರದಿದ್ದ ಮನೆಯವರಿಗೆ ಕಡತವೇ ಇಲ್ಲ ಎಂಬ ಉತ್ತರವೂ ಬರಬಹುದು. ಸಿಪಾಯಿಗೆ ಸೇವಾ ಪಿಂಚಣಿ ಸಿಗಲು 15 ವರ್ಷದ ಸೇವೆ ಬೇಕು. ಯುದ್ಧಕ್ಕೆಂದು ಸೇರಿ 1946ರ ಸುಮಾರಿಗೆ ಮನೆಗೆ ಬಂದವರಲ್ಲಿ ಬಹಳ ಜನರಿಗೆ ಅದು ಸಿಗಲಿಲ್ಲ. ಪಿಂಚಣಿಯಿಲ್ಲದವರ ಕಡತಗಳನ್ನು 25 ವರ್ಷದ ನಂತರ ನಾಶಮಾಡುವ ನಿಯಮವಿದೆ. ಉಳಿಯುವುದು ಲಾಂಗ್ ರೋಲ್ ಎಂಬ ದಪ್ಪ ರಿಜಿಸ್ಟರಿನಲ್ಲಿ ಒಂದು ಸಾಲು. ಆದ್ದರಿಂದ ಪತ್ರದಲ್ಲಿ “ಲಾಂಗ್ ರೋಲ್ ನೋಡಿ ತಿಳಿಸಿ” ಎಂದು ಬಿಡಿಸಿ ಕೇಳಿ. ಯುದ್ಧದಲ್ಲೇ ಮಡಿದಿದ್ದರೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ಹುಡುಕುವುದು ಉಚಿತ. ಎಷ್ಟೋ ಹೆಸರುಗಳ ಪಕ್ಕ ತಂದೆಯ, ಹೆಂಡತಿಯ, ಊರಿನ ಹೆಸರೂ ಇದೆ. ಮೈಸೂರು ಲ್ಯಾನ್ಸರ್ಸ್‌ನಂಥ ಸಂಸ್ಥಾನದ ಪಡೆಯವರಾಗಿದ್ದರೆ ದಾರಿ ಬೇರೆ, ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಕೇಳಬೇಕು.

ನಿಮ್ಮ ಅರ್ಜಿಗೆ ವಂಶವೃಕ್ಷ ಪ್ರಮಾಣಪತ್ರ, ಮುತ್ತಜ್ಜಿಯ ಮರಣ ಪ್ರಮಾಣಪತ್ರ ಲಗತ್ತಿಸಿ. ಮೂರನೆಯವರ ಖಾಸಗಿ ಮಾಹಿತಿ ಎಂದು ಮಾಹಿತಿ ಹಕ್ಕಿನ ಅರ್ಜಿಗಳನ್ನು ತಿರಸ್ಕರಿಸುವುದುಂಟು, ವಾರಸುದಾರರೆಂದು ತೋರಿಸಿದರೆ ಬಲ ಬರುತ್ತದೆ. ಉತ್ತರಕ್ಕೆ ಕಾಯುತ್ತಾ ಕೂರುವ ಬದಲು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೂ ಒಮ್ಮೆ ಹೋಗಿ ಬನ್ನಿ. ಪಿಪಿಒ ಸಿಕ್ಕರೆ ಅದರ ಜೆರಾಕ್ಸ್ ಒಯ್ಯಿರಿ, ಮೂಲ ಪ್ರತಿಯನ್ನು ಯಾರ ಕೈಗೂ ಕೊಡಬೇಡಿ.