ಒತ್ತಿ ಅಳೆದ ಸೇರು: ಗ್ಯಾಸ್ ಮೀಟರಿನ ಹಳೇ ತಕರಾರು

ದಾವಣಗೆರೆಯಲ್ಲಿ ಮಂಡಕ್ಕಿ ಕೊಳ್ಳುವವರಿಗೆ ಈ ಲೆಕ್ಕ ಹೊಸದಲ್ಲ. ಸೇರಿಗೆ ಸುಮ್ನೆ ಸುರಿದರೆ ಒಂದಷ್ಟು ಹಿಡಿಯುತ್ತದೆ, ಅಂಗೈಯಲ್ಲಿ ಅದುಮಿ ತುಂಬಿದರೆ ಜಾಸ್ತಿ ಹಿಡಿಯುತ್ತದೆ. ಸೇರು ಮಾತ್ರ ಅದೇ. ಗ್ಯಾಸ್ ಮೀಟರಿನ ಇನ್ನೂರು ವರ್ಷದ ತಕರಾರೂ ಇದೇ.

ಒತ್ತಡ ಎರಡು ಪಟ್ಟಾದರೆ ಗಾಳಿ ಅರ್ಧ ಜಾಗಕ್ಕೆ ಇಳಿಯುತ್ತದೆ ಎಂದು ರಾಬರ್ಟ್ ಬಾಯ್ಲ್ 1662ರಲ್ಲೇ ತೋರಿಸಿದ್ದ. ಮೊದಲ ಮೀಟರುಗಳಿಗೆ ಅದರ ಗೊಡವೆ ಅಷ್ಟಾಗಿ ಇರಲಿಲ್ಲ. 1812ರಲ್ಲಿ ಲಂಡನ್ನಿನಲ್ಲಿ ಕಲ್ಲಿದ್ದಲ ಗ್ಯಾಸಿನ ಕಂಪನಿ ಶುರುವಾಯಿತು. ಆಗ ಎಷ್ಟು ದೀಪ, ಎಷ್ಟು ಹೊತ್ತು ಉರಿಯುತ್ತವೆ ಎಂದು ನೋಡಿ ದುಡ್ಡು ವಸೂಲಿ. ದೀಪ ಆರಿಸದವರು ಎಷ್ಟು ಮಂದಿಯೋ! 1815ರಲ್ಲಿ ಸ್ಯಾಮ್ಯುಯೆಲ್ ಕ್ಲೆಗ್ ನೀರಿನಲ್ಲಿ ತಿರುಗುವ ಡ್ರಮ್ಮಿನ ಮೀಟರಿಗೆ ಪೇಟೆಂಟ್ ಪಡೆದ. 1840ರ ದಶಕದಲ್ಲಿ ನೀರಿಲ್ಲದ ಮೀಟರ್ ಬಂತು. ಒಳಗೆ ಕಮ್ಮಾರನ ತಿದಿಯಂಥ ಚೀಲಗಳು. ಒಂದು ತುಂಬುವಾಗ ಇನ್ನೊಂದು ಖಾಲಿ. ಇವತ್ತು ಮನೆ ಗೋಡೆಗೆ ಕೂರಿಸುವ ಮೀಟರ್ ಅದರ ಮೊಮ್ಮಗ.

ಭೂಮಿಯಿಂದ ತೆಗೆದ ಗ್ಯಾಸ್ ನೂರಾರು ಮೈಲಿ ಹರಿಯತೊಡಗಿದ ಮೇಲೆ ಆಟ ಬದಲಾಯಿತು. ದೂರ ಹೋಗಬೇಕಾದರೆ ಒತ್ತಡ ಬೇಕು. ಅಮೆರಿಕದ ರೂಟ್ಸ್ ಸಹೋದರರು ಗಾಳಿ ಊದಲು ಮಾಡಿದ್ದ ಯಂತ್ರದ ವಿನ್ಯಾಸವೇ 20ನೇ ಶತಮಾನದಲ್ಲಿ ಮೀಟರಾಯಿತು. ಇಂಗ್ಲಿಷಿನ ಎಂಟರ ಆಕಾರದ ಎರಡು ರೋಟರುಗಳು ಒಂದಕ್ಕೊಂದು ತಾಗದೆ ತಿರುಗುತ್ತವೆ. ಒತ್ತಡದಲ್ಲೇ ಅಳೆದರೆ ಸಣ್ಣ ಮೀಟರಿನಲ್ಲಿ ರಾಶಿ ಗ್ಯಾಸ್ ಸಾಗುತ್ತದೆ. ಕಾರ್ಖಾನೆಗಳಿಗೆ ಇದೇ ಬೇಕಿತ್ತು.

ಆದರೆ ಮೀಟರ್ ಸೇರು ಮಾತ್ರ ಎಣಿಸುತ್ತದೆ. ಅದುಮಿದ್ದು ಅದಕ್ಕೆ ಗೊತ್ತಿಲ್ಲ. ಹಾಗಾಗಿ ಒತ್ತಡಕ್ಕೆ ತಕ್ಕ ಗುಣಕದಿಂದ ಅದರ ಅಂಕಿಯನ್ನು ಗುಣಿಸಬೇಕು. ಒತ್ತಡ ಅಳೆಯುವುದು ಬಾರ್ ಲೆಕ್ಕದಲ್ಲಿ; ನಮ್ಮ ಸುತ್ತಲ ಗಾಳಿಯ ಒತ್ತಡ ಸುಮಾರು ಒಂದು ಬಾರ್. ಒತ್ತಡವನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ 2 ಬಾರ್‌ಗೆ ಕಟ್ಟುನಿಟ್ಟಾಗಿ ನಿಂತರೆ ಒಂದೇ ಗುಣಕ ಸಾಕು. 2.1ಕ್ಕೆ ಜಾರಿದರೆ ನೂರಕ್ಕೆ ಮೂರಕ್ಕೂ ಹೆಚ್ಚು ಗ್ಯಾಸ್ ಲೆಕ್ಕ ತಪ್ಪಿಸಿಕೊಳ್ಳುತ್ತದೆ. ಅದಕ್ಕೇ ದೊಡ್ಡ ಗ್ರಾಹಕರಲ್ಲಿ ಎಲೆಕ್ಟ್ರಾನಿಕ್ ಕರೆಕ್ಟರ್ ಇರುತ್ತದೆ. ಅದು ಒತ್ತಡ, ಉಷ್ಣತೆ ಎರಡನ್ನೂ ಆಗಾಗ ನೋಡಿ ತಾನೇ ಗುಣಿಸುತ್ತದೆ. 60 ಬಾರ್‌ನಂಥ ಒತ್ತಡದಲ್ಲಿ ಬಾಯ್ಲ್‌ನ ಸೂತ್ರವೂ ಸಾಲದು. ಗ್ಯಾಸ್ ಅದಕ್ಕಿಂತ ಸುಮಾರು ನೂರಕ್ಕೆ ಹತ್ತರಷ್ಟು ಹೆಚ್ಚು ಕುಗ್ಗುತ್ತದೆ.

ಮಹಾರಾಷ್ಟ್ರದ ದಾಭೋಳ್‌ನಿಂದ ಬೆಂಗಳೂರಿಗೆ ಹೋಗುವ ಪೈಪ್‌ಲೈನ್ 2013ರಲ್ಲಿ ಚಾಲೂ ಆಯಿತು. ದಾವಣಗೆರೆ, ಚಿತ್ರದುರ್ಗಕ್ಕೆ ಊರೊಳಗಿನ ಗ್ಯಾಸಿನ ಹಕ್ಕು ಹರಾಜಾದದ್ದು 2018ರ ಒಂಬತ್ತನೇ ಸುತ್ತಿನಲ್ಲಿ. ಅಲ್ಲಿಗೆ ಲಂಡನ್ನಿನ ತಕರಾರು ನಮ್ಮ ಬೀದಿಗೂ ಬಂತು. ಜೊತೆಗೆ ನಮ್ಮದೇ ಒಂದು ಗಂಟು ಸೇರಿತು.

ದಾಭೋಳ್ ಇರುವುದು ಸಮುದ್ರದಂಚಿನಲ್ಲಿ. ದಾವಣಗೆರೆ ಸುಮಾರು 600 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಭಾರವೇ ಕಡಿಮೆ, ಸುಮಾರು 943 ಮಿಲಿಬಾರ್ (ಸಾವಿರ ಮಿಲಿಬಾರ್ ಅಂದರೆ ಒಂದು ಬಾರ್). ಅಲ್ಲಿ 1013. ಗೇಜ್ ತೋರಿಸುವ ಒತ್ತಡಕ್ಕೆ ಇದನ್ನೂ ಕೂಡಿಸಬೇಕು, ಬಹಳ ಜನ ಮರೆಯುವುದು ಇದನ್ನೇ. ಅಡುಗೆಮನೆಗೆ ಬರುವುದು 21 ಮಿಲಿಬಾರ್ ಗ್ಯಾಸ್. ಕೂಡಿಸಿದರೆ 964. ಬಿಲ್ಲಿನ ಘನಮೀಟರ್ ಅಂದರೆ 1013 ಮಿಲಿಬಾರ್, 15 ಡಿಗ್ರಿಯಲ್ಲಿ ಲೆಕ್ಕ ಹಾಕಿದ್ದು. ನಮ್ಮ ಊರಿನಲ್ಲಿ 15 ಡಿಗ್ರಿ ಎಲ್ಲಿ ಸಿಗಬೇಕು! 28 ಡಿಗ್ರಿ ಎಂದಿಟ್ಟುಕೊಂಡರೂ ಮೀಟರಿನ ಒಂದು ಘನಮೀಟರಿನಲ್ಲಿ ನಿಜಕ್ಕೂ ಇರುವುದು ಸುಮಾರು 0.91. ಅಂದರೆ ಕಾರ್ಖಾನೆಯ ಮೀಟರ್ ಗುಣಿಸದೆ ಬಿಟ್ಟರೆ ಕಂಪನಿಗೆ ನಷ್ಟ, ಮನೆಯದನ್ನು ಬಿಟ್ಟರೆ ನಮಗೆ. ಬಿಲ್ಲಿನಲ್ಲಿ ಗುಣಕದ ಸಾಲು ಇದೆಯಾ ಅಂತ ಒಮ್ಮೆ ನೋಡಬಹುದು ಅಲ್ವಾ? ಚಿತ್ರದುರ್ಗದವರು ಇನ್ನೂ ಸ್ವಲ್ಪ ಹತ್ತಿರದಿಂದ ನೋಡಲಿ. ಅವರು ನಮಗಿಂತ ನೂರು ಮೀಟರಿಗೂ ಹೆಚ್ಚು ಮೇಲಿದ್ದಾರೆ.