ಹಸಿರಾದ ಮಾತ್ರಕ್ಕೆ ಬ್ಯಾಗ್ಲಿ ಆಗುವುದಿಲ್ಲ

ವಾರಕ್ಕೆ ನಾಲ್ಕೈದು ಫೋಟೊಗಳಾದರೂ ನನ್ನ ಮೊಬೈಲಿಗೆ ಬರುತ್ತವೆ. ತಿಳಿಹಸಿರು ಗಾಜಿನ ತಟ್ಟೆ, ಅದರ ಮೇಲೆ ಮೇಣದಬತ್ತಿಯ ಎರಡು ಕಂಬಗಳು, ಮುಚ್ಚಳವಿರುವ ಪೌಡರ್ ಬಟ್ಟಲುಗಳು, ಉಂಗುರ ಸಿಕ್ಕಿಸಿಡುವ ಪುಟ್ಟ ಗಿಡದಂಥದ್ದು, ಎಲ್ಲ ಸೇರಿ ಅಲಂಕಾರದ ಮೇಜಿನ ಒಂದು ಸೆಟ್ಟು. ಜೊತೆಗೆ ಒಂದೇ ಸಾಲು: ‘ಹಸಿರಿದೆ, ಬ್ಯಾಗ್ಲಿಯದೇ ಅಲ್ಲವೇ?’ ಬ್ಯಾಗ್ಲಿ ಎಂದರೆ ಇಂಗ್ಲೆಂಡಿನ ಹಳೆಯ ಗಾಜಿನ ಕಾರ್ಖಾನೆ. ಈಚೆಗೆ ಕತ್ತಲೆ ಕೋಣೆಯ ಫೋಟೊಗಳೂ ಶುರುವಾಗಿವೆ. ನೇರಳಾತೀತ ಟಾರ್ಚಿನ ಬೆಳಕಿಗೆ ಬಟ್ಟಲು ಹೊಳೆದರೆ ಸಾಕು, ತೀರ್ಪು ಸಿಕ್ಕಿತೆಂದು ಕಳಿಸುವವರ ನಂಬಿಕೆ.

ಇಂಗ್ಲೆಂಡಿನ ಹರಾಜು ಕೋಣೆಯಲ್ಲಿ ಗಾಜಿನ ಸಾಮಾನುಗಳ ವಿವರಪಟ್ಟಿ ಬರೆಯುವವಳಾಗಿ ಎಷ್ಟು ಸಲ ಹೇಳಿದರೂ ಸಾಲದಾಗಿದೆ: ಬಣ್ಣ ಕಾರ್ಖಾನೆಯ ಗುರುತಲ್ಲ. ಚೆನ್ನಾಗಿ ಹೊಳೆದರೆ ಗಾಜಿನಲ್ಲಿ ಬಣ್ಣಕ್ಕೆಂದು ಬೆರೆಸುತ್ತಿದ್ದ ಯುರೇನಿಯಂ ಇದೆ ಎಂದು ತಿಳಿಯುತ್ತದೆ, ಅಷ್ಟೇ. ಮಂದವಾಗಿ ಮಿನುಗಿದರೆ ಅದನ್ನೂ ಹೇಳಲಾಗದು, ಮ್ಯಾಂಗನೀಸ್ ಇರುವ ಗಾಜೂ ಹಾಗೆ ಮಿನುಗುತ್ತದೆ. 1930ರ ದಶಕದಲ್ಲಿ ಯಾರ್ಕ್‌ಷೈರಿನ ನಾಟಿಂಗ್ಲಿಯಲ್ಲಿದ್ದ ಬ್ಯಾಗ್ಲಿ ಹಸಿರು ಗಾಜು ಮಾಡುತ್ತಿತ್ತು. ಗೇಟ್ಸ್‌ಹೆಡ್ಡಿನ ಸೋವರ್ಬಿ, ಡೇವಿಡ್‌ಸನ್ ಕಾರ್ಖಾನೆಗಳೂ ಮಾಡುತ್ತಿದ್ದವು. ಜರ್ಮನಿಯ ಸ್ಯಾಕ್ಸನಿಯಲ್ಲಿ ವಾಲ್ಟರ್, ಬ್ರಾಕ್‌ವಿಟ್ಸ್ ಇದ್ದವು. ಚೆಕೊಸ್ಲೊವಾಕಿಯಾದವರಂತೂ ಇದ್ದೇ ಇದ್ದರು. ಕೊಳ್ಳುವವರಿಗೆ ಹಸಿರು ಬೇಕಿತ್ತು, ಎಲ್ಲರೂ ಹಸಿರನ್ನೇ ಕೊಟ್ಟರು.

ಸಂಕ್ರಾಂತಿಯ ಸಕ್ಕರೆ ಅಚ್ಚು ನೆನಪಿಸಿಕೊಳ್ಳಿ. ಮರದ ಹೋಳುಗಳನ್ನು ಜೋಡಿಸಿ, ಬಿಗಿಯಾಗಿ ಕಟ್ಟಿ, ಪಾಕ ಹುಯ್ಯುತ್ತೇವೆ. ಬಿಚ್ಚಿದಾಗ ಹೋಳುಗಳು ಕೂಡಿದ್ದ ಜಾಗದಲ್ಲಿ ಆನೆಯ ಬೆನ್ನಿನುದ್ದಕ್ಕೂ ಸಣ್ಣ ಗೆರೆ ಎದ್ದಿರುತ್ತದೆ. ಪಕ್ಕದ ಮನೆಯ ಆನೆಯಲ್ಲಿ ಆ ಗೆರೆ ಇನ್ನೆಲ್ಲೋ ಇರುತ್ತದೆ, ಏಕೆಂದರೆ ಅವರ ಅಚ್ಚು ಬೇರೆ. ಪಾಕಕ್ಕೆ ಎರಡು ಮನೆಯವರೂ ಹಸಿರು ಬಣ್ಣ ಹಾಕಿರಬಹುದು. ಆನೆ ಯಾರ ಮನೆಯದೆಂದು ಕೇಳಿದರೆ ಬಣ್ಣ ನೋಡಿ ಹೇಳುತ್ತೀರೋ, ಗೆರೆ ನೋಡಿ ಹೇಳುತ್ತೀರೋ?

ಅಚ್ಚೊತ್ತಿದ ಗಾಜೂ ಹೀಗೆಯೇ. ಕಬ್ಬಿಣದ ಅಚ್ಚಿನೊಳಗೆ ಕರಗಿದ ಗಾಜಿನ ಮುದ್ದೆ ಬಿಟ್ಟು, ಮೇಲಿನಿಂದ ಒತ್ತುತ್ತಾರೆ. ಅಚ್ಚಿನ ಹೋಳುಗಳು ಕೂಡಿದ ಗೆರೆ ಗಾಜಿನಲ್ಲಿ ಉಳಿಯುತ್ತದೆ. ಕೆಲವು ಗೆರೆಗಳನ್ನು ಬೆಂಕಿಗೆ ಹಿಡಿದು ನಯ ಮಾಡಿರುತ್ತಾರೆ, ಕಣ್ಣಿಗೆ ಬೀಳುವುದಿಲ್ಲ. ಹೆಬ್ಬೆರಳಿನ ಉಗುರನ್ನು ನಿಧಾನವಾಗಿ ಸುತ್ತಲೂ ಎಳೆಯಿರಿ, ತಡೆಯುವ ಜಾಗ ಗೊತ್ತಾಗುತ್ತದೆ. ಅಂಥ ಗೆರೆಗಳು ಎರಡೋ, ಮೂರೋ, ನಾಲ್ಕೋ? ಆಮೇಲೆ ತಳ ತಿರುಗಿಸಿ, ಅಲ್ಲಿ ಅಚ್ಚಿನಿಂದ ಮೂಡಿದ ನಕ್ಷತ್ರವಿದ್ದರೆ ಅದರ ಕಿರಣಗಳನ್ನು ಎಣಿಸಿ. ತಳವನ್ನು ಉಜ್ಜಿ ಸಮ ಮಾಡಿದ್ದಾರೆಯೇ, ಅಚ್ಚಿನಿಂದ ಬಂದಂತೆಯೇ ಬಿಟ್ಟಿದ್ದಾರೆಯೇ ನೋಡಿ. ಮುಚ್ಚಳ ಬಟ್ಟಲಿನ ಅಂಚಿನೊಳಗೆ ಕೂರುವುದೇ, ಮೇಲೆ ಕೂರುವುದೇ ಗಮನಿಸಿ. ಇಷ್ಟು ಕೈಯಲ್ಲಿದ್ದರೆ ಹಳೆಯ ಕಾರ್ಖಾನೆಗಳ ಕ್ಯಾಟಲಾಗ್ ಚಿತ್ರಗಳೊಂದಿಗೆ ಹೋಲಿಸಬಹುದು. ಹೆಸರು ಹುಟ್ಟುವುದು ಅಲ್ಲಿ.

ತಳದಲ್ಲಿ ವಿನ್ಯಾಸದ ನೋಂದಣಿ ಸಂಖ್ಯೆ ಕಂಡರೆ ಒಳ್ಳೆಯದೇ. ಬ್ರಿಟನ್ನಿನಲ್ಲಿ ಆ ಸಾಲು 1884ರಲ್ಲಿ ಒಂದರಿಂದ ಶುರುವಾಗಿ 1930ರ ಹೊತ್ತಿಗೆ ಏಳೂವರೆ ಲಕ್ಷಕ್ಕೆ ಮುಟ್ಟಿತ್ತು. ಆದರೆ ಅದು ವಿನ್ಯಾಸ ನೋಂದಾಯಿಸಿದ ಕಾಲ, ನಿಮ್ಮ ಬಟ್ಟಲು ಹುಟ್ಟಿದ ಕಾಲವಲ್ಲ. ಕಬ್ಬಿಣದ ಅಚ್ಚು ವರ್ಷಗಟ್ಟಲೆ ಬಾಳುತ್ತದೆ, ಕೈಯನ್ನೂ ಬದಲಿಸುತ್ತದೆ. 1884ರಲ್ಲಿ ನ್ಯೂಕ್ಯಾಸಲ್ಲಿನ ಹೆಪೆಲ್ ಕಾರ್ಖಾನೆ ಮುಚ್ಚಿದಾಗ ಅದರ ಅಚ್ಚುಗಳನ್ನು ಡೇವಿಡ್‌ಸನ್ ಕೊಂಡಿತು. ಆದ್ದರಿಂದ ಅಚ್ಚು ತಾಳೆಯಾದ ಮೇಲೂ ನಾನು ‘ಬಹುಶಃ’ ಎಂದು ಬರೆಯುವುದುಂಟು. ಜನರಿಗೆ ಆ ಪದ ಹಿಡಿಸುವುದಿಲ್ಲ, ನನಗೆ ಅದನ್ನು ಬಿಡಲು ಮನಸ್ಸಿಲ್ಲ.

ಕಳೆದ ಚಳಿಗಾಲದಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರು ತಾಯಿಯ ಸೆಟ್ಟನ್ನು ಹಳೆಯ ಟವೆಲಿನಲ್ಲಿ ಸುತ್ತಿ ತಂದರು. ಎಲ್ಲವೂ ಒಂದೇ ಹಸಿರು. ತಟ್ಟೆಯ ತಳದ ನಕ್ಷತ್ರಕ್ಕೂ ಬಟ್ಟಲುಗಳ ನಕ್ಷತ್ರಕ್ಕೂ ಇಪ್ಪತ್ತನಾಲ್ಕು ಕಿರಣ, ಮೂರು ಗೆರೆ. ಕಂಬಗಳಿಗೆ ಹದಿನಾರೇ ಕಿರಣ, ಎರಡೇ ಗೆರೆ, ತಳ ಉಜ್ಜಿದ್ದು. ಕಂಬಗಳು ಈ ಸೆಟ್ಟಿನವಲ್ಲ ಎಂದು ಹೇಳುವಾಗ ನನಗೇ ಸಂಕಟವಾಯಿತು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಏಳು ವರ್ಷದವಳಿದ್ದಾಗ ಒಂದನ್ನು ಬೀಳಿಸಿ ಒಡೆದಿದ್ದೆ. ಮರುದಿನ ಅಪ್ಪ ಸಂತೆಯಿಂದ ಏನೋ ತಂದು ಇಟ್ಟಿದ್ದು ನೆನಪಿದೆ’ ಎಂದರು. ಆಮೇಲೆ ಕಂಬವೊಂದನ್ನು ಬೋರಲು ಹಾಕಿ, ಬೆರಳಿಟ್ಟು ಕಿರಣಗಳನ್ನು ತಾವೇ ಎಣಿಸಿದರು. ಸೆಟ್ಟನ್ನು ಮಾರದೆ ಮನೆಗೆ ಒಯ್ದರು.

ಇನ್ನು ಮುಂದೆ ಫೋಟೊ ಕಳಿಸುವವರು ದಯವಿಟ್ಟು ಪ್ರತಿಯೊಂದನ್ನೂ ಬೋರಲು ಹಾಕಿ, ಹಗಲು ಬೆಳಕಿನಲ್ಲಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆಯಿರಿ. ಮುಚ್ಚಳದ ಒಳಭಾಗದ್ದೂ ಒಂದಿರಲಿ.